ಪಲ್ಲವಿಯಿಲ್ಲದ ಪಾಠ

ಬಾಗಿಲು ತೆರೆದವಳ ಕೈ ಚಿಲಕದ ಮೇಲೆಯೇ ನಿಂತಿತು. ಆರು ವರ್ಷಗಳ ನಂತರ ಅವನು... ಅದೂ ಇವತ್ತು!

"ನೋಟಿಸ್ ಸಾಲದು ಅಂತ ಖುದ್ದಾಗಿ ಬಂದ್ರಾ?"

"ಐದು ನಿಮಿಷ ಕೊಡು."

"ಯಾರೇ ಅದು?" ಅಡುಗೆಮನೆಯಿಂದ ಅಕ್ಕನ ದನಿ.

"ನನ್ನ ಪಾಠಗಳನ್ನೆಲ್ಲ ಅಳಿಸೋಕೆ ಬಂದೋರು."

"ಹಾಗಾದ್ರೆ ಕೂರಿಸಿ ಬೈಯೇ. ನಿಂತು ಬೈದ್ರೆ ನಿಂಗೇ ಕಾಲು ನೋವು."

ಸಂಜೆ ಐದಕ್ಕೆ ಅವಳ ಆನ್‌ಲೈನ್ ಚಾನೆಲ್ ಮುಚ್ಚಿಹೋಗಲಿತ್ತು. ಇದೇ ಕೋಣೆಯಲ್ಲಿ ಕೂತು ಹೇಳಿಕೊಟ್ಟ ನಾನೂರು ಸಂಗೀತ ಪಾಠಗಳು... ಅನುಮತಿಯಿಲ್ಲದೆ ಒಂದು ಹಾಡನ್ನು ಕಲಿಸಿದ್ದಕ್ಕೆ ಮೂರು ದೂರು; ಮೂರಾದರೆ ಚಾನೆಲ್ಲೇ ರದ್ದು. ಮೂರರ ಕೆಳಗೂ ಅವನ ಹೆಸರು. ಗಡಿಯಾರದಲ್ಲಿ ಆಗಲೇ ನಾಲ್ಕು ಹತ್ತು.

ಒಂದೇ ಗುರುಗಳ ಬಳಿ ಕಲಿಯುವಾಗ ಇಬ್ಬರೂ ಸೇರಿ ಕಟ್ಟಿದ ಹಾಡು ಅದು. ಪಲ್ಲವಿ ಅವನದು, ಚರಣ ಅವಳದು. ಅವಳು ಪರೀಕ್ಷೆಯಲ್ಲಿದ್ದಾಗ, ಕೇಳದೆಯೇ ಅವನು ಅದನ್ನು ಆಡಿಯೊ ಕಂಪನಿಗೆ ಕೊಟ್ಟುಬಿಟ್ಟಿದ್ದ. "ನನ್ನ ಹೆಸರು ನಿನ್ನ ಹೆಸರಿನ ಪಕ್ಕ ಎಲ್ಲೂ ಇರಕೂಡದು" ಎಂದು ಅವಳು ಕೂಗಿದ್ದಳು. ಅವನು ಅದನ್ನು ಅಕ್ಷರಶಃ ಪಾಲಿಸಿ, ಹಾಡಿನಿಂದಲೂ ಅವಳ ಹೆಸರು ತೆಗೆಸಿದ್ದ.

"ತಿಂಗಳಿಗೊಮ್ಮೆ ಕಂಪನಿಯೋರು ಕೇಳದೆ ಹಾಡು ಬಳಸಿದೋರ ಪಟ್ಟಿ ಕಳಿಸ್ತಾರೆ. ನೋಡದೆ ಒಪ್ಪಿಗೆ ಒತ್ತಿಬಿಡ್ತಿದ್ದೆ. ನಿನ್ನೆ ಯಾಕೋ ಒಂದು ಪಾಠ ತೆಗೆದೆ. ನಿನ್ನ ದನಿ..."

"ನೋಡದೆ ಒತ್ತೋಕೆ ಅದೇನು ಕಾಲಿಂಗ್ ಬೆಲ್ಲಾ? ನಾನು ಕಲಿಸಿದ್ದು ನನ್ನ ಚರಣ. ನಿಮ್ಮ ಪಲ್ಲವಿ ಮುಟ್ಟೇ ಇಲ್ಲ."

"ಕಾಗದದಲ್ಲಿ ಇಡೀ ಹಾಡು ನನ್ನದು ಅಂತಿದೆ. ಅದನ್ನ ತಿದ್ದಿಸೋಕೇ ಬಂದೆ."

ಅವನು ಮೇಜಿನ ಮೇಲೆ ಒಂದು ಹಾಳೆ ಇಟ್ಟ. ರಾಗ ಸಂಯೋಜನೆ: ಇಬ್ಬರ ಹೆಸರು. ಯಾರು ಬೇಕಾದರೂ ಕಲಿಸಬಹುದು.

"ನೀನು ಸಹಿ ಹಾಕಿದ್ರೆ ದೂರು ವಾಪಸ್ ತಗೋತಾರೆ. ಕಂಪನಿ ವಕೀಲರು ಕಾಯ್ತಿದ್ದಾರೆ."

ಅವಳು ಪೆನ್ನು ಮುಟ್ಟಲಿಲ್ಲ. ಪಾಠಗಳಿಗಾಗಿ ಸೋತಳು ಎಂದು ಅವನು ಅಂದುಕೊಂಡರೆ? ಆದರೆ ಅರವತ್ತು ದಾಟಿದ ಮೇಲೆ ತನ್ನ ಪಾಠ ನೋಡಿ ಮೊದಲ ಬಾರಿ ಸರಿಗಮ ಹಾಡಿದ ನಿವೃತ್ತ ನರ್ಸಮ್ಮನಿಗೆ ನಾಳೆ ಏನು ಹೇಳುವುದು?

"ತಪ್ಪಾಯ್ತು ಅಂತ ಬಂದ್ರಾ, ಅಯ್ಯೋ ಪಾಪ ಅಂತ ಬಂದ್ರಾ?"

"ಚರಣ ಮುಗಿದ ಮೇಲೆ ನೀನು ಪಲ್ಲವಿಗೆ ಹೋಗ್ಲಿಲ್ಲ. ಸುಮ್ಮನೆ ಶ್ರುತಿ ಹಿಡಿದು ಕೂತಿದ್ದೆ. ಅದನ್ನ ನೋಡಿ... ನಂಗೆ ಮನೇಲಿರೋಕಾಗ್ಲಿಲ್ಲ."

ಅವಳು ಸಹಿ ಹಾಕಿದಳು. ಅವನು ಫೋಟೋ ತೆಗೆದು ಕಳಿಸಿದ.

ನಾಲ್ಕೂವರೆ. ನಾಲ್ಕು ನಲವತ್ತು. ಉತ್ತರವಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಮತ್ತೆ ಸುತ್ತಿದಳು. ನಾಲ್ಕು ಐವತ್ತೆರಡಕ್ಕೆ ಫೋನಿನ ಪರದೆ ಮಿನುಗಿತು: ಮೂರೂ ದೂರುಗಳನ್ನು ಹಿಂಪಡೆಯಲಾಗಿದೆ.

ಅವಳು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು.

"ಪಲ್ಲವಿ ಯಾಕೆ ಹಾಡಲ್ಲ ನೀನು?" ಅವನು ಮೆಲ್ಲಗೆ ಕೇಳಿದ.

"ಬಾಯಿ ತೆರೆದ್ರೆ ಅಳು ಬರತ್ತೆ. ಕಲಿಯೋ ಮಕ್ಕಳ ಮುಂದೆ ಅಳೋಕಾಗತ್ತಾ?"

"ಈಗ ಮಕ್ಕಳು ಯಾರೂ ಇಲ್ವಲ್ಲ. ಅತ್ತುಬಿಡು. ನಾನೆಲ್ಲೂ ಹೋಗಲ್ಲ."

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ತಟ್ಟನೆ ನಿಂತಿತು.

"ಅಕ್ಕ ಕೇಳಿಸ್ಕೊಳ್ತಿದ್ದಾಳೆ ಕಣೋ," ಎಂದಳು ಅವಳು, ಒದ್ದೆ ಕಣ್ಣಲ್ಲೇ ನಗುತ್ತ.