ಕಣದಲ್ಲಿ ಎರಡು ಗೆರೆ

"ಕಾಫಿ ಕಣದಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದ್ದೀರಲ್ಲ... ಫ್ರಾನ್ಸ್‌ನಲ್ಲಿ ಕಲಿತದ್ದಾ?"

ಆ ಬಹುವಚನ ದೀಪಶ್ರೀಯ ಎದೆಗೆ ಚುಚ್ಚಿತು. ಕಳಸದ ಶಾಲೆಯಿಂದಲೂ ಜೊತೆಗಿದ್ದ, ಮದುವೆಯ ಮಾತನ್ನೂ ಆಡಿದ್ದ ನಂದನ್ ಇವನೇನಾ?

ಅವಳು ಚಪ್ಪಲಿ ಬಿಟ್ಟಳು. ಲಿಯಾನ್ ನಗರದಲ್ಲಿ ಓದುತ್ತಿದ್ದವಳು ರಜೆಗೆ ಬಂದಿದ್ದಳು. ಸಂಜೆಯ ಬಸ್ಸಿಗೆ ಮತ್ತೆ ಹೊರಡಬೇಕು. ಕಳೆದ ಬೇಸಿಗೆಯಿಂದ ಅವನು ಅವಳ ಒಂದು ಕರೆಯನ್ನೂ ಎತ್ತಿರಲಿಲ್ಲ. ಅಲ್ಲಿ ನದಿಯ ದಂಡೆಯಲ್ಲಿ ಯಾರೋ ಒಬ್ಬನ ಕೈಹಿಡಿದು ಅವಳು ಕುಣಿದ ವಿಡಿಯೋವನ್ನು ಗೆಳತಿ ಹಾಕಿದ್ದಳು. ನಂದನ್ ಅದನ್ನು ನೋಡಿದ್ದೇ ಕೊನೆ!

"ಅವನ ಹೆಸರೇನು?" ಕಾಫಿ ಕೆದಕುವ ಹಲಗೆ ಬಿಡದೆ ನಂದನ್ ಕೇಳಿದ.

"ನಂಗೆ ಗೊತ್ತಿಲ್ಲ."

"ಕೈ ಹಿಡಿದವನ ಹೆಸರು ಗೊತ್ತಿಲ್ವಾ!"

"ಅಲ್ಲಿ ಪದ್ಧತಿ ಹಾಗೆ ಮಾರಾಯ. ಬೇಸಿಗೆ ಸಂಜೆ ಓದೋರೆಲ್ಲ ನದಿ ಹತ್ರ ಸೇರ್ತಾರೆ. ಬ್ರೆಡ್ಡು, ಚೀಸು ಹಂಚ್ಕೊಂಡು ತಿಂತಾರೆ, ಕುಣೀತಾರೆ. ಒಂದು ಹಾಡು ಮುಗೀತು ಅಂದ್ರೆ ಜೊತೆ ಬದಲಾಗ್ಲೇಬೇಕು. ಅವತ್ತು ಒಬ್ಬ ಬೋಳುತಲೆ ಅಜ್ಜನ ಜೊತೆಗೂ ಕುಣಿದೆ. ಅವರು ವಿಡಿಯೋದಲ್ಲಿ ಬರ್ಲಿಲ್ಲ, ಅಷ್ಟೇ!"

ಮೂಲೆಯಲ್ಲಿ ಬೀಜ ಆರಿಸುತ್ತಿದ್ದ ತೋಟದ ಕೆಲಸದ ದ್ಯಾವಮ್ಮ ನಕ್ಕುಬಿಟ್ಟಳು. "ಅಯ್ಯೋ ಸಣ್ಣಯ್ಯಾ, ಇಷ್ಟಕ್ಕಾ ನೀವು ಮುಖ ಊದಿಸ್ಕೊಂಡು ತಿರುಗಿದ್ದು?"

ನಂದನ್ ಹಲಗೆಯನ್ನು ಇನ್ನೂ ಜೋರಾಗಿ ಎಳೆದ.

"ಮೊದಲ ಚಳಿಗಾಲ ರೂಮಿಂದ ಹೊರಗೇ ಬರ್ಲಿಲ್ಲ ನಂದನ್... ಅಷ್ಟು ಒಂಟಿ. ಆಮೇಲೆ ಕುಣಿಯೋಕೆ ಹೋದೆ. ಕಾಲೆತ್ತದೆ ಹೀಗೆ ಜಾರಿಸೋದು ಎಲ್ಲಿ ಕಲಿತೆ ಅಂತ ಕೇಳಿದ್ರು. ನಾನೇನು ಹೇಳ್ಲಿ?"

ಅವಳು ಒಣಹಾಕಿದ ಕಾಫಿಯೊಳಗೆ ಬರಿಗಾಲು ಎಳೆಯುತ್ತ ನಡೆದಳು. ಚಿಕ್ಕಂದಿನಲ್ಲಿ ಇದೇ ಕಣದಲ್ಲಿ ಇಬ್ಬರೂ ಹೀಗೆ ಕಾಲಿನಿಂದಲೇ ಕಾಫಿ ತಿರುವುತ್ತಿದ್ದರು. ಅವಳ ಹಿಂದೆ ಉದ್ದನೆಯ ಗೆರೆ ಮೂಡಿತು.

‘ಪ್ರತಿ ಹಾಡಿನಲ್ಲೂ ನಿನ್ನನ್ನೇ ಹುಡುಕಿದೆ ಕಣೋ...’ ಎಂದು ಒಳಗೇ ಅಂದುಕೊಂಡಳು. ಕಳಸೇಶ್ವರಾ, ಇವನ ಮನಸ್ಸಿಗೆ ಅದು ಕೇಳಿಸಲಿ!

ಹಲಗೆ ನೆಲಕ್ಕೆ ಬಿದ್ದ ಸದ್ದಾಯಿತು. ಅವಳ ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆಯುತ್ತ ನಂದನ್ ಬಂದ. ಅವನ ಕಣ್ಣು ತುಂಬಿತ್ತು.

"ಕೇಳ್ಬೇಕಿತ್ತು... ಕೇಳ್ಲಿಲ್ಲ. ಹೊಟ್ಟೆಕಿಚ್ಚು ಅಂತ ಹೇಳ್ಕೊಳ್ಳೋಕೆ ನಾಚಿಕೆ. ಹೋಗು, ಓದು ಮುಗಿಸ್ಕೊಂಡು ಬಾ. ನಾನು ಕಾಯ್ತೀನಿ. ಈಗ ಆ ಕುಣಿತ ಒಂಚೂರು ಕಲಿಸು."

ಅವಳು ಅಳುತ್ತಲೇ ನಕ್ಕು ಕೈ ಚಾಚಿದಳು.

"ಹಾಡೇ ಇಲ್ವಲ್ಲೋ?"

"ಬೇಡ." ಅವನು ಆ ಕೈಯನ್ನು ಬಿಗಿಯಾಗಿ ಹಿಡಿದ. "ಹಾಡು ಇದ್ರೆ ಮುಗಿಯುತ್ತೆ... ಜೊತೆ ಬದಲಾಗ್ಬೇಕಾಗುತ್ತೆ."