ಲವಂಗದ ಕಪಾಟು

"ಯಾರೋ ಅಡುಗೆಮನೇನೇ ಬ್ಯಾಗಲ್ಲಿ ಇಟ್ಕೊಂಡು ಬಂದಿದ್ದಾರೆ," ಎಂದ ರೇಡಿಯೊ. ಕಣ್ಣು ಮುಚ್ಚಿ, ಮೂಗು ಮೇಲೆತ್ತಿ, ಗಾಳಿ ಮೂಸುತ್ತಾ ಬೆಂಚಿನಿಂದ ಬೆಂಚಿಗೆ ಬಂದ. ಬಂದವನು ಕಡ್ಡಿಯ ಪಕ್ಕ ಬಂದು ನಿಂತೇಬಿಟ್ಟ. "ಇಲ್ಲೇ. ಈ ಸ್ವೆಟರಲ್ಲಿ. ಲವಂಗ, ಮೆಣಸು, ಚಕ್ಕೆ. ಉಪ್ಪೊಂದು ಬಾಕಿ."

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು.

ರೇಡಿಯೊ ಎಂದರೆ ಹುಡುಗನೇ. ಬೆಳಗ್ಗೆ ಗೇಟಿನಲ್ಲಿ ಆನ್ ಆದರೆ ಸಂಜೆ ಬೆಲ್ ಹೊಡೆದರೂ ಆಫ್ ಆಗದ ಬಾಯಿ ಅವನದು. ಕಡ್ಡಿಗೆ ಆ ಹೆಸರು ಬಂದದ್ದು ಅವಳ ಸಣಕಲು ಕೈಕಾಲುಗಳಿಂದ. ಊದಿದರೆ ಹಾರಿಹೋಗುವಂತಿದ್ದಳು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ನಿನ್ನ ಮೂಗಿಗೆ ಕ್ಲಿಪ್ ಹಾಕ್ಕೋ ಹೋಗು," ಎಂದಳು.

"ನಂದೊಬ್ಬಂದು ಹಾಕಿದ್ರೆ ಸಾಕಾ? ಸೋಮವಾರ ಪೇರೆಂಟ್ಸ್ ಮೀಟಿಂಗು. ನಿಮ್ಮಮ್ಮ ಬರ್ತಾರಲ್ಲ, ಎಲ್ಲರಿಗೂ ಕರ್ಚೀಫ್ ತರೋಕೆ ಹೇಳ್ಬೇಕು. ಸೀನಿ ಸೀನಿ ಸುಸ್ತಾಗ್ತಾರೆ ಪಾಪ."

ತನಗೆ ಅಂದಿದ್ದನ್ನು ಕಡ್ಡಿ ಹೇಗೋ ನುಂಗಿಕೊಳ್ಳುತ್ತಿದ್ದಳು. ಅಮ್ಮನ ಸುದ್ದಿಗೆ ಬಂದದ್ದು ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಅಳು ಬಂತು. ಅವನಿಗೆ ಕಾಣಬಾರದೆಂದು ಬ್ಯಾಗಿನಲ್ಲಿ ತಲೆ ಹಾಕಿ, ಇಲ್ಲದ ರಬ್ಬರ್ ಹುಡುಕಿದಳು.

ಮನೆಗೆ ಬಂದವಳೇ ಶೂ ಕೂಡ ಬಿಚ್ಚಲಿಲ್ಲ. "ಅಮ್ಮಾ, ನನ್ನ ಕಪಾಟಿಂದ ಆ ಮಸಾಲೆ ಡಬ್ಬಿಗಳನ್ನ ತೆಗಿ. ಇವತ್ತೇ ತೆಗಿ."

ಅಮ್ಮ ಊಟದ ಡಬ್ಬಿಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು. ದಿನಾ ಅಡುಗೆ ಮಾಡಿ, ಡಬ್ಬಿ ಕಟ್ಟಿ, ಹತ್ತಿರದ ಆಫೀಸುಗಳಿಗೆ ಕೊಡುವುದು ಅವಳ ಕೆಲಸ. "ತೆಗೆದು ಎಲ್ಲಿಡ್ಲಿ? ನನ್ನ ತಲೆ ಮೇಲಾ?"

"ಎಲ್ಲಾದ್ರೂ ಇಡು. ನನ್ನ ಬಟ್ಟೆಯೆಲ್ಲ ಲವಂಗದ ವಾಸನೆ. ಆ ರೇಡಿಯೊ ಮೂಸಿ ಮೂಸಿ ಹೇಳ್ತಾನೆ, ಎಲ್ಲರೂ ನಗ್ತಾರೆ."

"ಅಯ್ಯೋ ನನ್ನ ಕಡ್ಡಿ," ಎಂದು ಅಮ್ಮ ಕೈ ಒರೆಸಿಕೊಂಡಳು. "ಬೆಲೆ ನೋಡಿದ್ಯಾ ಈಗ? ಅಂಗಡಿಯಣ್ಣ ರೇಟು ಹೇಳುವಾಗ ನನ್ನ ಮುಖ ನೋಡೋದನ್ನೇ ಬಿಟ್ಟಿದ್ದಾನೆ. ಇನ್ನೂ ಏರತ್ತಂತೆ. ಅದಕ್ಕೇ ಒಟ್ಟಿಗೆ ತಂದಿಟ್ಟಿದ್ದೀನಿ. ಊಟದ ರೇಟು ಏರಿಸಿದ್ರೆ ಜನ ಬಿಡ್ತಾರೆ, ಮಸಾಲೆ ಕಮ್ಮಿ ಮಾಡಿದ್ರೂ ಬಿಡ್ತಾರೆ. ಆ ಮಸಾಲೆ ಕೆಟ್ರೆ ನಮ್ಮ ಕತೆ ಮುಗೀತು."

"ಅಡುಗೆಮನೇಲಿ ಇಡು ಮತ್ತೆ."

"ಅಲ್ಲಿ ದಿನಾ ಹಬೆ. ಒಂದೇ ವಾರಕ್ಕೆ ಮುದ್ದೆ ಆಗತ್ತೆ. ಸ್ವಲ್ಪ ದಿನ ಸಹಿಸ್ಕೋ ಕಣೆ."

ಸ್ವಲ್ಪ ದಿನ ಎಂದರೆ ಸೋಮವಾರ ಕಳೆದೇ ಹೋಗುತ್ತದೆ ಎಂದು ಕಡ್ಡಿಗೆ ಗೊತ್ತಿತ್ತು. ಅವಳು ತಾನೇ ಒಂದು ಉಪಾಯ ಮಾಡಿಕೊಂಡಳು.

ಶನಿವಾರ ಮಧ್ಯಾಹ್ನ ಅಪ್ಪನ ಸ್ಕೂಟರಿನಲ್ಲಿ ಅಮ್ಮ ಊಟದ ಡಬ್ಬಿ ಕೊಡಲು ಹೋದಳು. ಸ್ಕೂಟರಿನ ಸದ್ದು ದೂರವಾಗುತ್ತಲೇ ಕಡ್ಡಿ ಕಪಾಟಿನ ಬಾಗಿಲು ತೆರೆದಳು. ಹಳೆಯ ಬಿಸ್ಕತ್ತಿನ ಡಬ್ಬಿಗಳು. ಒಂದರ ಮುಚ್ಚಳವೂ ಸರಿಯಾಗಿ ಕೂರುತ್ತಿರಲಿಲ್ಲ. ಒಂದೊಂದನ್ನೇ ಹೊಟ್ಟೆಗೆ ಅವಚಿಕೊಂಡು ನೆಲಕ್ಕಿಳಿಸಿದಳು. ಎಲ್ಲವನ್ನೂ ಅಪ್ಪ ಅಮ್ಮನ ಮಂಚದ ಕೆಳಗೆ ತಳ್ಳಿದರೆ ಆಯಿತು, ಯಾರ ಬಟ್ಟೆಗೂ ತಾಗುವುದಿಲ್ಲ.

ಆದರೆ ಮಂಚದ ಕೆಳಗೆ ಒಂದು ಸೂಟ್‌ಕೇಸು ಅಡ್ಡವಿತ್ತು. ಅವಳು ಅದನ್ನು ಜಗ್ಗಿದಳು. ಅದು ಜಪ್ಪಯ್ಯ ಎಂದರೂ ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಜೋರಾಗಿ ಎಳೆದಾಗ ಸರ್ರನೆ ಬಂತು, ಬಂದ ರಭಸಕ್ಕೆ ಬಾಯಿ ತೆರೆದುಕೊಂಡಿತು.

ಒಳಗಿನಿಂದ ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

ಮೇಲೇ ಅಮ್ಮನ ನೀಲಿ ಶಾಲು ಇತ್ತು. ಎಲ್ಲಿಗಾದರೂ ಹೋಗುವಾಗ ಮಾತ್ರ ಅಮ್ಮ ಹೊದೆಯುತ್ತಿದ್ದ ಶಾಲು. ಅದರ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಕೆಳಗಿನ ಬಟ್ಟೆಗಳು ತಣ್ಣಗೆ, ಅರ್ಧ ಒಣಗಿದಂತೆ ಕೈಗೆ ಅಂಟಿದವು. ಕಡ್ಡಿ ಬಗ್ಗಿ ಮಂಚದ ಹಿಂದಿನ ಗೋಡೆ ಮುಟ್ಟಿದಳು. ಒದ್ದೆ. ಮೇಲಿನ ಮನೆಯ ಪೈಪಿನ ನೀರು ಜಿನುಗಿ ಜಿನುಗಿ ಸುಣ್ಣವೆಲ್ಲ ಉಬ್ಬಿತ್ತು.

ಪ್ರತಿ ಸಲ ಹೊರಡುವ ಮೊದಲು ಅಮ್ಮ ಕಿಟಕಿಯ ಹತ್ತಿರ ನಿಂತು ಶಾಲನ್ನು ಪಟಪಟ ಒದರುತ್ತಿದ್ದಳು. ಯಾಕಮ್ಮ ಎಂದರೆ, "ಅದಕ್ಕೂ ಸ್ವಲ್ಪ ಗಾಳಿ ಬೇಡ್ವೇನೇ?" ಎನ್ನುತ್ತಿದ್ದಳು.

ಕಡ್ಡಿ ಎದ್ದು ಹೋಗಿ ಕಪಾಟಿನ ಗೋಡೆಯನ್ನೂ ಮುಟ್ಟಿ ನೋಡಿದಳು. ಅದು ಬೆಚ್ಚಗೆ ಒಣಗಿತ್ತು. ಮನೆಯಲ್ಲಿ ಹಾಗಿದ್ದದ್ದು ಅದೊಂದೇ ಗೋಡೆ. ಹೋದ ವರ್ಷ ಅವಳಿಗೆ ಕೆಮ್ಮು ಹಿಡಿದು ಬಿಡದಿದ್ದಾಗ ಅಮ್ಮ ಆ ಕಪಾಟಿನಿಂದ ತನ್ನ ಬಟ್ಟೆಗಳನ್ನೆಲ್ಲ ತೆಗೆದು, "ಇನ್ಮೇಲೆ ಇದು ಪೂರಾ ನಿಂದು," ಎಂದಿದ್ದಳು. ಆಗ ಕಡ್ಡಿ ಕುಣಿದಾಡಿದ್ದಳು. ಅಮ್ಮನ ಬಟ್ಟೆ ಎಲ್ಲಿಗೆ ಹೋಯಿತು ಎಂದು ಕೇಳಿಯೇ ಇರಲಿಲ್ಲ.

ಅಮ್ಮ ಬಂದಾಗ ಡಬ್ಬಿಗಳೆಲ್ಲ ನೆಲದ ಮೇಲಿದ್ದವು. ನಡುವೆ ಕಡ್ಡಿ, ಮಡಿಲಲ್ಲಿ ಶಾಲು.

"ಏನೇ ಇದು, ಸಂತೆ ಹಾಕಿದ್ದೀಯ?"

"ಅಮ್ಮ, ನಿನ್ನ ಬಟ್ಟೆ ಮುಗ್ಗಿದೆ."

ಅಮ್ಮ ನಕ್ಕಳು. "ಬಟ್ಟೆ ಮುಗ್ಗಿದ್ರೆ ಒಗೀಬಹುದು. ಮೆಣಸು ಮುಗ್ಗಿದ್ರೆ ಒಗೆಯೋಕಾಗತ್ತಾ?"

"ನೀನು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನು ಗೋಡೆ ಒಣಗಿಸ್ತಿದ್ಯಾ?"

ಕಡ್ಡಿ ಎದ್ದು ಕಪಾಟಿನ ಕೆಳಗಿನ ಅರೆಯಿಂದ ಗಿಡ್ಡವಾಗಿದ್ದ ಫ್ರಾಕುಗಳನ್ನು, ಕಿವಿ ಹರಿದ ಆನೆಯನ್ನು, ಮೂರನೇ ಕ್ಲಾಸಿನ ಪುಸ್ತಕಗಳನ್ನು ಹೊರಗೆಳೆದಳು. "ಈ ಅರೆ ನಿಂದು. ಡಬ್ಬಿಗಳಿಗೆ ಮೇಲಿನ ಅರೆ. ನಡುವಿನ ಅರೆ ನಂದು."

"ಲವಂಗದ ವಾಸನೆ ಬರತ್ತೆ ಕಣೆ ಮತ್ತೆ. ಎಲ್ಲರೂ ನಗ್ತಾರೆ ಅಂದೆ."

"ನಕ್ಕೊಳ್ಲಿ ಬಿಡು," ಎಂದಳು ಕಡ್ಡಿ.

ಭಾನುವಾರ ಶಾಲನ್ನು ಒಗೆದು ದಿನವಿಡೀ ಬಿಸಿಲಿಗೆ ಹಾಕಿದರು. ಸಂಜೆ ಕಡ್ಡಿಯೇ ಅದನ್ನು ಮಡಚಿ ಕೆಳಗಿನ ಅರೆಯಲ್ಲಿಟ್ಟಳು.

ಸೋಮವಾರ ಮೀಟಿಂಗಿಗೆ ಮುಂಚೆ ಟೀಚರ್ ರೇಡಿಯೊಗೆ ಬೋರ್ಡು ಒರೆಸಲು ಹೇಳಿದ್ದರು. ಅವನು ಬಾಗಿಲಿಗೆ ಬೆನ್ನು ಹಾಕಿ ಒರೆಸುತ್ತಿದ್ದ. ಇದ್ದಕ್ಕಿದ್ದಂತೆ ಅವನ ಕೈ ನಿಂತಿತು. ಮೂಗು ಮೇಲೆದ್ದಿತು.

"ಕಡ್ಡಿ, ನಿಮ್ಮಮ್ಮ ಬಂದ್ರು," ಎಂದ, ತಿರುಗಿಯೂ ನೋಡದೆ.

ಒಂದೆರಡು ಮಕ್ಕಳು ಕಿಸಕ್ಕೆಂದರು. ಬಾಗಿಲಲ್ಲಿ ಅಮ್ಮ ನಿಂತಿದ್ದಳು, ನೀಲಿ ಶಾಲು ಹೊದ್ದು. "ನೀನೇ ರೇಡಿಯೊನಾ?" ಎಂದಳು. "ಮೂಗು ಭಾರಿ ಚುರುಕಾಗಿದೆಯಪ್ಪ. ಹಳೇ ಮಾಲಿಗೆ ಹೊಸ ಮಾಲಿನ ರೇಟು ಹಾಕ್ತಾರೆ ಈಗ. ನನ್ನ ಜೊತೆ ಮಾರ್ಕೆಟ್‌ಗೆ ಬರ್ತೀಯಾ? ಮೂಸಿ ನೋಡಿ ಹೇಳೋಕೆ ಒಬ್ರು ಬೇಕಿತ್ತು."

ರೇಡಿಯೊನ ಕಿವಿ ಕೆಂಪಾಯಿತು. "ಬರ್ತೀನಿ ಆಂಟಿ," ಎಂದು ಮೆಲ್ಲಗೆ ಹೇಳಿದ. ಆಮೇಲೆ ಒರೆಸಿದ ಬೋರ್ಡನ್ನೇ ಮತ್ತೆ ಒರೆಸತೊಡಗಿದ.

ಅಮ್ಮ ಬಂದು ಸಣ್ಣ ಬೆಂಚಿನಲ್ಲಿ ಕಷ್ಟಪಟ್ಟು ಕುಳಿತಳು. ಕಡ್ಡಿ ಅವಳಿಗೆ ಒತ್ತಿಕೊಂಡಳು. ತನ್ನ ಸ್ವೆಟರಿನ ತೋಳನ್ನು ಒಮ್ಮೆ ಮೂಸಿದಳು. ಆಮೇಲೆ ಶಾಲಿನ ಅಂಚನ್ನು ಹಿಡಿದು, ಮೂಗಿಗೆ ಒತ್ತಿ, ಉದ್ದಕ್ಕೆ ಉಸಿರೆಳೆದಳು.

ಎರಡರದ್ದೂ ಒಂದೇ ವಾಸನೆ.