ಪಟ್ಟಿ ಅದೇ, ಬಿಲ್ಲೆ ಬೇರೆ

“ಇದು ನನ್ನ ಮಗನ ಬಿಲ್ಲೆ ಅಲ್ಲ!”

ಹಾಲಿನಾಳ ಕೂಗು ಕೇಳಿ ಬೆರ್ನಿಸ್ ಮತ್ತು ನಾನು ಐಸ್ ಹಾಕಿ ಅಂಗಳದ ಹಜಾರಕ್ಕೆ ಓಡಿದೆವು. ಬೆರ್ನಿಸ್ ನಿವೃತ್ತ ಪೊಲೀಸ್. ಈಗ ಊರಿನ ಮಕ್ಕಳಿಗೆ ಬೇಸ್‌ಬಾಲ್ ಕಲಿಸುತ್ತಾಳೆ. ನಾನು ಅವಳ ಸಹಾಯಕ, ಅಂದರೆ ಚೆಂಡು ಹೆಕ್ಕುವವನು. ಏಪ್ರಿಲ್ ಬಂದರೂ ಮೈದಾನದ ಹಿಮ ಪೂರ್ತಿ ಕರಗಿರಲಿಲ್ಲ. ಹಾಗಾಗಿ ನಮ್ಮ ಚಿಳ್ಳೆಪಿಳ್ಳೆಗಳ ಅಭ್ಯಾಸ ಪಕ್ಕದ ಕೋಣೆಯಲ್ಲೇ ನಡೆದಿತ್ತು.

ಹಾಲಿನಾಳ ಮಗ ತಾರಸ್ ನಮ್ಮ ಜೂನಿಯರ್ ಹಾಕಿ ತಂಡದ ಹುಡುಗ. ಹೋದ ವರ್ಷ ಕಾರು ಅಪಘಾತದಲ್ಲಿ ತೀರಿಕೊಂಡ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ರಬ್ಬರ್ ಬಿಲ್ಲೆ; ಅವನು ಮೊದಲ ಗೋಲು ಹೊಡೆದ ಬಿಲ್ಲೆಗೆ ಹೆಸರು ಬರೆದ ಬಿಳಿ ಅಂಟುಪಟ್ಟಿ ಸುತ್ತಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನಾಳೆ ಊರು ಬಿಟ್ಟು ತಂಗಿಯ ಮನೆಗೆ ಹೊರಟಿದ್ದ ಹಾಲಿನಾ ಅದನ್ನು ಒಯ್ಯಲು ಬಂದಿದ್ದಳು.

“ಪಟ್ಟಿ ಅದೇ ಅಲ್ವೇನಮ್ಮ?” ಅಂದ ಅಂಗಳ ನೋಡಿಕೊಳ್ಳುವ ಗಾರ್ನೆಟ್.

“ಪಟ್ಟಿ ಅದೇ. ಬಿಲ್ಲೆ ಬೇರೆ! ಅವನದು ಗೋಲ್ ಕಂಬಕ್ಕೆ ಬಡಿದು ಅಂಚಲ್ಲಿ ತಗ್ಗಾಗಿತ್ತು. ಎಷ್ಟು ಸಲ ಸವರಿದೀನಿ, ನನ್ನ ಬೆರಳಿಗೆ ಗೊತ್ತಾಗಲ್ವಾ?”

“ಪೆಟ್ಟಿಗೆ ಬೀಗದಕೈ ಎಲ್ಲಿರುತ್ತೆ?” ಬೆರ್ನಿಸ್ ಕೇಳಿದಳು.

“ಕ್ಯಾಂಟೀನ್ ಮೊಳೆ ಮೇಲೆ. ಯಾರು ಬೇಕಾದ್ರೂ ತಗೋಬಹುದು. ಇವತ್ತು ಫೈನಲ್ ಅಲ್ವಾ, ಎದುರು ಟೀಮಿನೋರ ಕಿತಾಪತಿ ಇರ್ಬೇಕು!”

“ಒಳಗಿನ ಹಲಗೆ ಯಾಕೆ ಒದ್ದೆ?”

“ಛಾವಣಿ ಸೋರ್ತಿದೆ, ಇನ್ನೇನು?”

ಬೆರ್ನಿಸ್ ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು. ಮೇಲಿನ ಗಾಜು ಒಣಗಿಯೇ ಇತ್ತು. ಬಿಲ್ಲೆಯ ಪಟ್ಟಿಯನ್ನು ಮುಟ್ಟಿದಳು — ಅದು ತಾನಾಗಿ ಕಳಚಿ ಬಂತು.

“ಆಟದ ಬಿಲ್ಲೆ ಇಡೋ ಫ್ರೀಜರ್ ಬೀಗದಕೈ ಯಾರ ಹತ್ರ?”

ಗಾರ್ನೆಟ್ ಉತ್ತರಿಸುವ ಮೊದಲೇ ಅವಳು ಆಟದ ಸಮಯ ನೋಡುವವರ ಗೂಡಿನ ಕಡೆ ನಡೆದಿದ್ದಳು; ಹಾಲಿನಾ, ನಾನು ಹಿಂದೆಯೇ ಹೋದೆವು. ಅಲ್ಲಿ ಕೋಲ್ಬಿ ಫೈನಲ್‌ಗೆ ಬಿಲ್ಲೆಗಳನ್ನು ಬಕೆಟ್ಟಿಗೆ ತುಂಬುತ್ತಿದ್ದ. ತಾರಸ್‌ನ ಜೀವದ ಗೆಳೆಯ. ಮಂಡಿ ಮುರಿದುಕೊಂಡು ಈ ವರ್ಷ ಆಟ ಬಿಟ್ಟು ಗಡಿಯಾರ ಕಾಯುತ್ತಿದ್ದಾನೆ. ಫ್ರೀಜರ್‌ನ ಬೀಗದಕೈ ಅವನ ಕೊರಳಲ್ಲೇ ಇತ್ತು.

“ಯಾಕಪ್ಪಾ ಹೀಗೆ ಮಾಡ್ದೆ?” ಬೆರ್ನಿಸ್ ಕೇಳಿದಳು.

“ನಾನೇನ್ ಮಾಡ್ದೆ?”

“ಛಾವಣಿ ಸೋರಿದ್ರೆ ಗಾಜಿನ ಮೇಲೆ ನೀರಿರ್ಬೇಕಿತ್ತು. ನೀರಿದ್ದದ್ದು ಬಿಲ್ಲೆ ಕೆಳಗೆ. ಬೆಚ್ಚಗಿನ ರಬ್ಬರ್ ಪುಟಿಯುತ್ತೆ ಅಂತ ಆಟದ ಬಿಲ್ಲೆಗಳನ್ನ ಹೆಪ್ಪುಗಟ್ಟಿಸಿ ಇಡ್ತೀವಲ್ಲ? ತಂಡದ ಗುರುತಿರೋವೆಲ್ಲಾ ಈ ಫ್ರೀಜರ್‌ನಲ್ಲೇ ಇರೋದು. ಅಂಥದ್ದೊಂದಕ್ಕೆ ಹಳೇ ಪಟ್ಟಿ ಸುತ್ತಿ ಅಲ್ಲಿಟ್ಟೆ. ತಣ್ಣನೆ ರಬ್ಬರಿಗೆ ಅಂಟು ಹಿಡಿಯುತ್ತಾ? ಬಿಲ್ಲೆ ಬೆವರಿತು, ಪಟ್ಟಿ ಬಿಡ್ತು. ಬೀಗದಕೈ ನಿನ್ನ ಕೊರಳಲ್ಲೇ ಇದೆಯಲ್ಲೋ, ಕೋಲ್ಬಿ!”

ಹುಡುಗ ಬಕೆಟ್ ಕೆಳಗಿಟ್ಟ. “ಅವ್ನಿಗೆ ಫೈನಲ್ ಆಡೋ ಆಸೆ ಇತ್ತು, ಆಂಟಿ. ನಂಗಂತೂ ಆಡಕ್ಕಾಗಲ್ಲ. ಅವ್ನ ಬಿಲ್ಲೆನಾದ್ರೂ ಆಡ್ಲಿ ಅಂತ ಇವುಗಳ ಜೊತೆ ಸೇರಿಸ್ದೆ... ಆಮೇಲೆ ವಾಪಸ್ ಇಡ್ತಿದ್ದೆ.”

“ಯಾರೋ ಹೊಡೆದು ನೋಡೋ ಜನರ ಮಧ್ಯೆ ಹಾರಿಹೋಗಿದ್ರೆ?” ಹಾಲಿನಾ ಚೀರಿದಳು. “ಯಾರ ಜೇಬಲ್ಲಿ ಹುಡುಕ್ಲಿ ನಾನು?”

ಕೋಲ್ಬಿ ಬಕೆಟ್ಟನ್ನು ಅವಳತ್ತ ಸರಿಸಿದ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಹಾಲಿನಾ ಬಕೆಟ್ಟಿಗೆ ಕೈ ಹಾಕಿದಳು. ಎಲ್ಲವೂ ಒಂದೇ ಬಣ್ಣ, ಒಂದೇ ಗುರುತು. ಒಂದೊಂದರ ಅಂಚನ್ನೂ ಸವರಿ ಪಕ್ಕಕ್ಕಿಟ್ಟಳು. ಕೊನೆಗೊಂದನ್ನು ಕೆನ್ನೆಗೊತ್ತಿಕೊಂಡು ಅತ್ತಳು.

ಆಟಕ್ಕೆ ಬಿಲ್ಲೆ ಬೇಕೆಂದು ರೆಫರಿ ಹೊರಗಿನಿಂದ ಬಾಗಿಲು ಬಡಿದ. ಹಾಲಿನಾ ಕಣ್ಣೊರೆಸಿಕೊಂಡು ಆ ಬಿಲ್ಲೆಯನ್ನು ಕೋಲ್ಬಿಯ ಕೈಗಿಟ್ಟಳು.

“ಆಟ ಶುರು ಮಾಡೋಕೆ ಐಸ್ ಮೇಲೆ ಮೊದಲು ಇದೇ ಬೀಳ್ಲಿ. ಮೊದಲ ಸಲ ಸೀಟಿ ಊದಿ ಆಟ ನಿಲ್ಲಿಸಿದ ತಕ್ಷಣ ನೀನೇ ನನಗೆ ತಂದ್ಕೊಡ್ಬೇಕು. ಕುಂಟ್ಕೊಂಡಾದ್ರೂ ಸರಿ.”